ಕತ್ತಿಯ ಕೆಳಗೆ ಹೇಳಿದ ಹೆಸರು

ಏಪ್ರಿಲ್ ತಿಂಗಳಲ್ಲಿ ಚೆಂಡುಗಳ ಗಾಳಿ ತೆಗೆದು, ಚರ್ಮಕ್ಕೆ ಎಣ್ಣೆ ಸವರಿ, ಬೀರುವಿಗೆ ಹಾಕಿ ಬೀಗ ಜಡಿದ ಮೇಲೆಯೇ ನಮ್ಮ ನಿಜವಾದ ಕೆಲಸ ಶುರುವಾಗುತ್ತಿತ್ತು. ಹೀಗೆಂದರೆ ಈಗ ಹೊಸದಾಗಿ ಫಿಸಿಕಲ್ ಡೈರೆಕ್ಟರ್ ಕೆಲಸಕ್ಕೆ ಸೇರಿದವರು ನಗುತ್ತಾರೆ. "ರಜಾದಲ್ಲಿ ಏನ್ ಸಾರ್ ಕೆಲಸ? ಆರಾಮಾಗಿ ಮನೇಲಿ ಇರ್ತಿದ್ರಿ ತಾನೆ?" ಎನ್ನುತ್ತಾರೆ. ಆರಾಮಂತೆ ಆರಾಮ! ನನ್ನ ಸರ್ವಿಸಿನಲ್ಲಿ ನಿದ್ದೆ ಕೆಟ್ಟದ್ದೆಲ್ಲ ಬೇಸಿಗೆ ರಜಾದಲ್ಲೇ. ಮ್ಯಾಚು ಸೋತರೆ ಆ ಸಂಕಟ ಎರಡು ದಿನಕ್ಕೆ ಹೋಗುತ್ತದೆ. ಬೇಸಿಗೆಯಲ್ಲಿ ಮಾಡಿದ ಒಂದು ತಪ್ಪು ಮಾತ್ರ ನನಗೆ ಇವತ್ತಿಗೂ ಹೋಗಿಲ್ಲ. ಅದನ್ನು ಬರೆಯಬೇಕೆಂದೇ ಕೂತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಹಾರ ಹಾಕಿದರು ಎನ್ನುವುದೆಲ್ಲ ಸರ್ವಿಸ್ ರಿಜಿಸ್ಟರಿನಲ್ಲಿದೆ, ಬೇಕಾದವರು ಹೋಗಿ ನೋಡಿಕೊಳ್ಳಲಿ.

ಐವತ್ತರ ದಶಕದ ಕೊನೆಯ ಮಾತು. ಆಗ ಜಯನಗರವೆಂದರೆ ಅರ್ಧ ಬಡಾವಣೆ, ಅರ್ಧ ರಾಗಿ ಹೊಲ. ಸೈಟಿನ ಕಲ್ಲುಗಳ ನಡುವೆ ದನ ಮೇಯುತ್ತಿದ್ದವು. ಈಗ ನೀವು ಜೆ.ಪಿ. ನಗರ ಎಷ್ಟನೇ ಫೇಸು ಎಂದು ಕೇಳುವ ಜಾಗದಲ್ಲಿ ಸಾರಕ್ಕಿ, ಪುಟ್ಟೇನಹಳ್ಳಿಯವರ ತೋಟ, ಗದ್ದೆಗಳಿದ್ದವು. ನಮ್ಮ ಕಾಲೇಜು ಹೊಸದು. ಕಟ್ಟಡಕ್ಕೆ ಇನ್ನೂ ಪೂರ್ತಿ ಸುಣ್ಣ ಬಳಿದಿರಲಿಲ್ಲ, ಆದರೆ ಮೈದಾನ ಮಾತ್ರ ಭರ್ಜರಿಯಾಗಿತ್ತು. ಊರಿನ ಒಳಗೆ ಇನ್ನೊಂದು ಕಾಲೇಜಿತ್ತು. ದಪ್ಪ ಕಲ್ಲಿನ ಹಳೇ ಕಟ್ಟಡ, ಹಾಗಾಗಿ ನಾವು ಅವರನ್ನು ಕಲ್ಲುಕಟ್ಟಡದವರು ಎನ್ನುತ್ತಿದ್ದೆವು. ಕಾಲೇಜುಗಳ ಫುಟ್‌ಬಾಲ್ ಕಪ್ಪು ಅವರ ಗಾಜಿನ ಬೀರುವಿನಲ್ಲೇ ಬೇರು ಬಿಟ್ಟಿತ್ತು. ಅಲ್ಲಿನ ಮೇಷ್ಟ್ರು ಸ್ಯಾಮುಯೆಲ್. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ, ಬುದ್ಧಿ ಜಾಸ್ತಿ.

ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ದಿನದಿಂದ ಜೂನ್‌ನಲ್ಲಿ ಕಾಲೇಜಿನ ಅಡ್ಮಿಷನ್ ಮುಗಿಯುವವರೆಗೆ ಹೈಸ್ಕೂಲಿನ ಒಳ್ಳೆ ಆಟಗಾರರೆಲ್ಲ ಯಾರಿಗೂ ಸೇರದವರು. ಅವರ ಹಿಂದೆ ನಾವು. ಆಟದ ಮೇಲೆ ಸೇರಿಸಿಕೊಳ್ಳಲು ಪ್ರಿನ್ಸಿಪಾಲರು ನನಗೆ ವರ್ಷಕ್ಕೆ ಒಂದೇ ಸೀಟು ಬಿಟ್ಟುಕೊಡುತ್ತಿದ್ದರು. ಫೀಸಿಲ್ಲ, ಹಾಸ್ಟೆಲ್ ಉಂಟು. ಹುಡುಗನ ಟಿ.ಸಿ. ಯಾರ ಬೀರುವಿನಲ್ಲಿದೆಯೋ ಆಟಗಾರ ಅವರವನು, ಅದು ಅಂದಿನ ಕಾನೂನು. ಮೊದಲ ವರ್ಷ ನಾನು ಅದನ್ನೇ ನಂಬಿ ಕೆಟ್ಟೆ. ಭೈರಸಂದ್ರದ ಕಡೆ ಒಬ್ಬ ಎಡಗಾಲಿನ ಹುಡುಗನನ್ನು ನೋಡಿ, ಅವನ ಮಾವನಿಗೆ ನಾಲ್ಕು ದಿನ ಕಾಫಿ ಕುಡಿಸಿ, ಟಿ.ಸಿ. ಇಸ್ಕೊಂಡು ಬೀಗ ಹಾಕಿ ಕೂತೆ. ಸ್ಯಾಮುಯೆಲ್ ಏನು ಮಾಡಿದರು ಗೊತ್ತೇ? ಟಿ.ಸಿ. ಕಳೆದುಹೋಗಿದೆ ಎಂದು ಹುಡುಗನಿಂದಲೇ ಹೆಡ್ಮಾಸ್ಟರಿಗೆ ಅರ್ಜಿ ಬರೆಸಿ ಇನ್ನೊಂದು ಪ್ರತಿ ತೆಗೆಸಿದರು. ಕಾಗದ ನನ್ನ ಬೀರುವಿನಲ್ಲಿ, ಹುಡುಗ ಅವರ ತಂಡದಲ್ಲಿ. ಫೈನಲ್ಲಿನಲ್ಲಿ ನಮಗೆ ಎರಡು ಗೋಲು ಹೊಡೆದು, ಹೋಗುವಾಗ ನನಗೇ ನಮಸ್ಕಾರ ಹೇಳಿ ಹೋದ. ಅವತ್ತೇ ನಾನು ಮನಸ್ಸಿನಲ್ಲಿ ಹಲ್ಲು ಕಡಿದೆ, ಸ್ಯಾಮುಯೆಲ್‌ಗೆ ಒಂದು ಸಲವಾದರೂ ಟೋಪಿ ಹಾಕದಿದ್ದರೆ ನಾನು ರುದ್ರಪ್ಪನೇ ಅಲ್ಲ ಎಂದು.

ಮುನಿಯಪ್ಪನ ಅಂಗಡಿಯ ವಿಷಯ ಇಲ್ಲಿ ಹೇಳಬೇಕು. ಅಶೋಕ ಸ್ತಂಭದ ಹತ್ತಿರ ಅವನದೊಂದು ಸೆಲೂನು. ಒಂದು ಕುರ್ಚಿ, ಒಂದು ಕನ್ನಡಿ, ಹೊರಗೆ ಒಂದು ಉದ್ದನೆಯ ಬೆಂಚು, ಬಾಗಿಲ ಪಕ್ಕ ಒಂದು ಕರೀ ಬೋರ್ಡು. ಮ್ಯಾಚುಗಳ ಕಾಲದಲ್ಲಿ ಸಂಜೆಯ ಫಲಿತಾಂಶವನ್ನು ಮುನಿಯಪ್ಪ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಬೇಸಿಗೆಯಲ್ಲಿ ಮ್ಯಾಚಿಲ್ಲವಲ್ಲ, ಆಗ ಯಾವ ಹುಡುಗ ಯಾವ ಕಾಲೇಜಿಗೆ ಎಂಬ ಸುದ್ದಿ. ಬೆಂಚಿನ ಮೇಲೆ ಕೂರುವ ಹತ್ತು ಹನ್ನೆರಡು ಜನಕ್ಕೆ ಅದೇ ಊಟ, ಅದೇ ನಿದ್ದೆ. ಪೋಸ್ಟಾಫೀಸಿನ ಸುಬ್ಬರಾಯರು ಅವರಲ್ಲಿ ದೊಡ್ಡವರು. ಜನ್ಮದಲ್ಲಿ ಚೆಂಡು ಒದ್ದವರಲ್ಲ, ಆದರೆ ಬೆಂಗಳೂರಿನ ಪ್ರತಿ ಹೈಸ್ಕೂಲಿನ ಸೆಂಟರ್ ಫಾರ್ವರ್ಡ್ ಯಾವ ಕಾಲಿನವನು ಎಂದು ಬಾಯಿಪಾಠ.

ಆ ಬೋರ್ಡಿಗೆ ಮುನಿಯಪ್ಪನದೊಂದು ಕಟ್ಟಳೆಯಿತ್ತು. ಸುದ್ದಿ ತಂದವನು ಬೆಂಚಿನ ಮೇಲೆ ಕೂತು ಹೇಳಿದರೆ ಅದು ಹರಟೆ, ಬರೆಯುವಂತಿಲ್ಲ. ಕುರ್ಚಿಯ ಮೇಲೆ ಕೂರಬೇಕು, ಗಡ್ಡಕ್ಕೆ ಸೋಪು ಹಚ್ಚಿಸಿಕೊಳ್ಳಬೇಕು, ಕತ್ತಿ ಗಂಟಲ ಹತ್ತಿರ ಬಂದಾಗ ಮುನಿಯಪ್ಪ ಕೇಳುತ್ತಾನೆ, ಆಗ ಹೇಳಿದ್ದು ಮಾತ್ರ ಬೋರ್ಡಿಗೆ. "ಕತ್ತಿ ಇಲ್ಲಿದ್ದಾಗ ಯಾರೂ ಸುಳ್ಳು ಹೇಳಲ್ಲ ಸಾರ್. ಗಂಟಲು ತಾನಾಗೇ ತಡೆಯುತ್ತೆ," ಎನ್ನುತ್ತಿದ್ದ. ಎಷ್ಟೋ ಜನ ಅರ್ಧ ಗಡ್ಡದಲ್ಲಿ "ಬೇಡ, ಬರೀಬೇಡ, ನಂಗೆ ಸರಿಯಾಗಿ ಗೊತ್ತಿಲ್ಲ" ಎಂದು ಸುದ್ದಿ ವಾಪಸ್ಸು ತೆಗೆದುಕೊಂಡದ್ದನ್ನು ನಾನೇ ನೋಡಿದ್ದೇನೆ. ಹಾಗಾಗಿ ಮುನಿಯಪ್ಪನ ಬೋರ್ಡೆಂದರೆ ಪತ್ರಿಕೆಗಿಂತ ಗಟ್ಟಿ. ಸ್ಯಾಮುಯೆಲ್ ಕೂಡ ದಿನಾ ಸಂಜೆ ಒಬ್ಬರನ್ನು ಕಳಿಸಿ ಅದನ್ನು ಓದಿಸಿಕೊಳ್ಳುತ್ತಿದ್ದರು.

ಆ ವರ್ಷದ ಮಾರ್ಚಿನಲ್ಲಿ ಪ್ರಿನ್ಸಿಪಾಲ್ ಶೇಷಗಿರಿರಾಯರು ನನ್ನನ್ನು ಕರೆಸಿದರು. ಅವರು ಕೆಟ್ಟವರಲ್ಲ. ಗಣಿತದವರು, ಎಲ್ಲದಕ್ಕೂ ಉತ್ತರ ಬೇಕು. "ಏನ್ರೀ ರುದ್ರಪ್ಪ, ಮೂರು ವರ್ಷದಿಂದ ಸೋಲ್ತಾನೇ ಇದ್ದೀರಿ. ಮೈದಾನದಲ್ಲಿ ಅರ್ಧ ಬಿಟ್ಟುಕೊಡಿ, ಕೆಮಿಸ್ಟ್ರಿ ಲ್ಯಾಬ್ ಕಟ್ತೀವಿ ಅಂತ ಕಮಿಟಿಯವರು ಕೇಳ್ತಿದ್ದಾರೆ. ಈ ವರ್ಷ ಕಪ್ಪು ತಂದ್ರೆ ನಾನು ಬೇಡ ಅನ್ನಬಹುದು. ಇಲ್ದಿದ್ರೆ ನನ್ನ ಕೈಲಾಗಲ್ಲ," ಎಂದರು. ನಾನು ಹೊರಗೆ ಬಂದು ಮೈದಾನ ನೋಡಿದೆ.

ಕಪ್ಪು ತರಬಲ್ಲವನು ಒಬ್ಬನೇ ಇದ್ದ. ದಂಡು ಪ್ರದೇಶದ ಹೈಸ್ಕೂಲಿನ ಅಂತೋಣಿ. ಅವನ ಕಾಲಿಗೆ ಚೆಂಡು ಸಿಕ್ಕಿತೆಂದರೆ ನೋಡುವವರು ಎದ್ದು ನಿಲ್ಲುತ್ತಿದ್ದರು. ಸ್ಯಾಮುಯೆಲ್ ಆಗಲೇ ಅವರ ಮನೆಗೆ ಎರಡು ಸಲ ಹೋಗಿ ಬಂದಿದ್ದರು. ನಾನು ಹೋದರೆ ಅವರು ಮೂರನೇ ಸಲ ಹೋಗುತ್ತಾರೆ. ಅವರ ಕಣ್ಣನ್ನು ಹತ್ತು ದಿನ ಬೇರೆ ಕಡೆ ತಿರುಗಿಸಿದರೆ ಸಾಕು, ಅಷ್ಟರಲ್ಲಿ ನಾನು ಅಂತೋಣಿಯ ಟಿ.ಸಿ., ಮಾರ್ಕ್ಸ್ ಕಾರ್ಡು ಎರಡನ್ನೂ ತಂದು, ಇನ್ನೊಂದು ಪ್ರತಿ ಕೊಡಬೇಡಿ ಎಂದು ಹೆಡ್ಮಾಸ್ಟರಿಗೂ ಒಂದು ಮಾತು ಹೇಳಿ ಬರುತ್ತೇನೆ. ಹೀಗೆ ಲೆಕ್ಕ ಹಾಕಿ, ಪರೀಕ್ಷೆಯ ಫಲಿತಾಂಶ ಬಂದ ಮೇಲೆ, ಮೇ ಕೊನೆಯ ಒಂದು ಶನಿವಾರ ಬೆಳಿಗ್ಗೆ ಮುನಿಯಪ್ಪನ ಕುರ್ಚಿ ಹತ್ತಿದೆ.

ಸೋಪು ಹಚ್ಚಿದ. ಎಡಗೆನ್ನೆ ಮುಗಿಸಿದ. ಕತ್ತಿ ಗಂಟಲಿನ ಹತ್ತಿರ ಬಂತು. ಬೆಂಚಿನವರು ಮುಂದಕ್ಕೆ ಬಾಗಿದರು.

"ಈ ಸಲ ಯಾರು ಸಾರ್?"

"ಸಾರಕ್ಕಿ ಕೆಂಪರಾಜು. ಗೋಲ್‌ಕೀಪರ್," ಎಂದೆ.

"ಪಕ್ಕಾನಾ?"

"ಪಕ್ಕಾ."

ಗಂಟಲು ತಡೆಯಲೇ ಇಲ್ಲ. ಅಷ್ಟು ನಯವಾಗಿ ಬಂತು ಸುಳ್ಳು.

ಆ ಹೆಸರೇ ಏಕೆ ಬಂತು? ಹಿಂದಿನ ತಿಂಗಳು ಸಾರಕ್ಕಿ ಕೆರೆಯ ಒಣ ಅಂಗಳದಲ್ಲಿ ಹುಡುಗರು ಬರಿಗಾಲಲ್ಲಿ ಆಡುವುದನ್ನು ಸೈಕಲ್ ನಿಲ್ಲಿಸಿ ನೋಡಿದ್ದೆ. ಗೋಲಿನಲ್ಲಿ ನಿಂತಿದ್ದ ಹುಡುಗ ಚೆನ್ನಾಗಿದ್ದ. ನಿನ್ನ ಹೆಸರೇನಪ್ಪಾ ಎಂದು ಕೇಳಿದ್ದೆ, ಅಷ್ಟೇ. ಸುಳ್ಳಿಗೆ ಒಂದು ಹೆಸರು ಬೇಕಿತ್ತು. ಯಾರಾದರೂ ಹೋಗಿ ನೋಡಿದರೂ ಇರಬಹುದು ಎನ್ನಿಸುವಂಥ ಹೆಸರು ಬೇಕಿತ್ತು. ಅವನೂ ಒಬ್ಬ ಮನುಷ್ಯ, ಅವನಿಗೂ ಕಿವಿಯಿದೆ, ಮನೆಯಿದೆ ಎನ್ನುವುದು ನನಗೆ ಹೊಳೆಯಲಿಲ್ಲ. ನಾನೆಂಥ ಮೇಷ್ಟ್ರು ಹೇಳಿ!

ಮುನಿಯಪ್ಪ ಕೈ ಒರೆಸಿಕೊಂಡು ಬೋರ್ಡಿಗೆ ಬರೆದ: "ಕೆಂಪರಾಜು, ಸಾರಕ್ಕಿ. ಜಯನಗರದ ಕಾಲೇಜಿಗೆ." ಬೆಂಚಿನ ಮೇಲೆ ಗಲಾಟೆ ಎದ್ದಿತು.

"ಬರಿಗಾಲಲ್ಲಿ ಆಡೋ ಹುಡುಗ ಕಣ್ರೀ ಅವ್ನು! ಬೂಟು ಹಾಕಿದ್ರೆ ಎಡವಿ ಬೀಳ್ತಾನೆ," ಎಂದ ಒಬ್ಬ.

"ಗೋಲ್‌ಕೀಪರ್‌ಗೆ ಕಾಲ್ಯಾಕ್ರೀ, ಕೈ ನೋಡಿ ಕೈ," ಎಂದರು ಸುಬ್ಬರಾಯರು. "ನಾನು ಆವಾಗ್ಲೇ ಹೇಳಿರ್ಲಿಲ್ವಾ, ರುದ್ರಪ್ಪನವರು ಹಿಂದಿನಿಂದ ತಂಡ ಕಟ್ತಾರೆ ಅಂತ?" ಅವರು ಅಂಥದ್ದೇನೂ ಹೇಳಿರಲಿಲ್ಲ. ಕೆಂಪರಾಜುವಿನ ಹೆಸರನ್ನು ಅವರು ಕೇಳಿದ್ದೇ ಆವತ್ತು.

ನನ್ನ ಲೆಕ್ಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಭಾನುವಾರವೇ ಸ್ಯಾಮುಯೆಲ್ ಸಾರಕ್ಕಿಯ ಕಡೆ ಸೈಕಲ್ ತುಳಿದರಂತೆ. ಮತ್ತೆ ಬುಧವಾರವೂ ಹೋದರಂತೆ. ನಾನು ಆ ಹತ್ತು ದಿನ ಅಂತೋಣಿಯ ಮನೆಯಲ್ಲಿದ್ದೆ. ಅವನ ತಾಯಿಗೆ ಹಾಸ್ಟೆಲಿನ ಊಟದ ಬಗ್ಗೆ ಚಿಂತೆ, ತಂದೆಗೆ ಓದಿನ ಬಗ್ಗೆ ಚಿಂತೆ. ಇಬ್ಬರಿಗೂ ಸಮಾಧಾನ ಹೇಳಿ ಎರಡು ಕಾಗದವನ್ನೂ ತಂದು ಬೀರುವಿನಲ್ಲಿಟ್ಟು ಬೀಗದ ಕೈಯನ್ನು ಜನಿವಾರದ ಹಾಗೆ ಕೊರಳಿಗೆ ಹಾಕಿಕೊಂಡು ತಿರುಗಿದೆ. ಸ್ಯಾಮುಯೆಲ್‌ಗೆ ಟೋಪಿ ಹಾಕಿದೆ ಎಂದು ಹೆಂಡತಿಯ ಮುಂದೆ ಕುಣಿದಾಡುವುದೊಂದು ಬಾಕಿ. ಅಡ್ಮಿಷನ್ನಿನ ಕೊನೆಯ ದಿನದ ಹಿಂದಿನ ದಿನ ಅಂತೋಣಿ ಬಂದು ಸಹಿ ಹಾಕಿ ಸೇರಿಕೊಂಡ. ಸೀಟು ತುಂಬಿತು.

ಮಾರನೆಯ ದಿನ, ಅಂದರೆ ಕೊನೆಯ ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ ನನ್ನ ಕೋಣೆಯ ಬಾಗಿಲಿಗೆ ಇಬ್ಬರು ಬಂದು ನಿಂತರು. ಮುಂದೆ ಒಬ್ಬ ಹಿರಿಯರು, ಬಿಳೀ ಪಂಚೆ, ಹೆಗಲ ಮೇಲೆ ಮಡಿಸಿದ ಟವೆಲ್ಲು. ಹಿಂದೆ ಕೆಂಪರಾಜು, ಹೆಗಲ ಮೇಲೆ ದೊಡ್ಡದೊಂದು ಹಲಸಿನ ಹಣ್ಣು. ಅವನ ಕಾಲಲ್ಲಿ ಹೊಸ ಬೂಟು.

"ನಾನು ಇವ್ನ ಅಪ್ಪ ಪಿಳ್ಳಪ್ಪ, ಸ್ವಾಮಿ. ನೀವು ಹೇಳಿಕಳಿಸ್ತೀರಿ ಅಂತ ಕಾದ್ವಿ, ಇವತ್ತೇ ಕೊನೇ ದಿನ ಅಂದ್ರು. ಟಿ.ಸಿ., ಮಾರ್ಕ್ಸ್ ಕಾರ್ಡು ತಂದಿದ್ದೀವಿ," ಎಂದು ಚೀಲದಿಂದ ಕಾಗದ ತೆಗೆದು ಎರಡೂ ಕೈಯಲ್ಲಿ ಹಿಡಿದರು. "ನಮ್ಮ ತೋಟದ್ದು ಹಣ್ಣು. ಹುಡುಗರಿಗೆ ಹಂಚಿ."

ಏನು, ಎತ್ತ ಎಂದು ಕೇಳಬೇಕಾಗಿಯೇ ಇರಲಿಲ್ಲ. ಗಡಿಯಾರ ನೋಡಿದ್ದು ನೆನಪಿದೆ. ಹನ್ನೊಂದು ಗಂಟೆ. ಆ ಕ್ಷಣದಲ್ಲಿ ನಾನು ಬಾಯಿಬಿಟ್ಟು ನಿಜ ಹೇಳಬೇಕಿತ್ತು. ನಾನು ಹೇಳಿದ್ದು, "ಕೂತ್ಕೊಳ್ಳಿ ಗೌಡ್ರೇ. ಪ್ರಿನ್ಸಿಪಾಲರ ಸಹಿ ಆಗಬೇಕು. ಸ್ವಲ್ಪ ಹೊತ್ತಾಗುತ್ತೆ."

ಪಿಳ್ಳಪ್ಪನವರು ಸಂತೋಷದಲ್ಲಿದ್ದರು, ಕೂತು ಮಾತು ತೆಗೆದರು. "ಆ ಕಲ್ಲುಕಟ್ಟಡದ ಮೇಷ್ಟ್ರು ಎರಡು ಸಲ ನಮ್ಮನೆಗೆ ಬಂದಿದ್ರು ಸ್ವಾಮಿ. ಹುಡುಗನ್ನ ಕೆರೆ ಅಂಗಳದಲ್ಲಿ ಆಡಿಸಿ ನೋಡಿದ್ರು. ಸೀಟು ಕೊಡ್ತೀನಿ, ಹಾಸ್ಟೆಲ್ ಕೊಡ್ತೀನಿ, ಈಗ್ಲೇ ಟಿ.ಸಿ. ಕೊಡಿ ಅಂದ್ರು. ನಂಗೂ ಮನಸ್ಸಾಗಿತ್ತು, ಸುಳ್ಳು ಯಾಕೆ ಹೇಳ್ಲಿ. ಇವ್ನೇ ಒಪ್ಲಿಲ್ಲ. ರುದ್ರಪ್ಪ ಸಾರ್ ಕತ್ತಿ ಕೆಳಗೆ ಕೂತು ನನ್ ಹೆಸ್ರು ಹೇಳವ್ರೆ, ನಾನು ಬೇರೆ ಕಡೆ ಹೋದ್ರೆ ಅವರ ಮರ್ಯಾದೆ ಏನಾಗ್ಬೇಕು ಅಂದ."

ಕೆಂಪರಾಜು ತಲೆ ತಗ್ಗಿಸಿ ನಿಂತಿದ್ದ. ಹೊಸ ಬೂಟು ಕಚ್ಚುತ್ತಿತ್ತೇನೋ, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದ.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಹಾಗಾಯಿತು ನನಗೆ. ನಾನು ಸುಮ್ಮನೆ ಒಂದು ಹೆಸರು ಎಸೆದದ್ದಲ್ಲ. ಆ ಹೆಸರು ಹೋಗಿ ನಿಜವಾದ ಒಂದು ಸೀಟನ್ನು ಆ ಹುಡುಗನ ಬಾಗಿಲಿಗೆ ಎಳೆದು ತಂದಿತ್ತು. ಅವನು ನನ್ನ ಮರ್ಯಾದೆಗೋಸ್ಕರ ಅದನ್ನು ವಾಪಸ್ಸು ಕಳಿಸಿದ್ದ. ಈಗ ಸಂಜೆ ಐದಕ್ಕೆ ಎಲ್ಲ ಕಾಲೇಜಿನ ಬಾಗಿಲೂ ಮುಚ್ಚುತ್ತದೆ. ಮುಚ್ಚಿದರೆ ಅವನಿಗೆ ಒಂದು ವರ್ಷ ಹೋಯಿತು.

ಓಡಿದೆ ಪ್ರಿನ್ಸಿಪಾಲರ ಹತ್ತಿರ.

"ಇನ್ನೊಂದು ಸೀಟು ಬೇಕು ಸಾರ್. ಮಾತು ಕೊಟ್ಟುಬಿಟ್ಟಿದ್ದೀನಿ."

ಶೇಷಗಿರಿರಾಯರು ಕನ್ನಡಕ ತೆಗೆದರು. "ಯಾರನ್ನ ಕೇಳಿ ಕೊಟ್ರಿ?"

"ತಪ್ಪಾಯ್ತು ಸಾರ್."

"ಆ ಹುಡುಗನ ಮಾರ್ಕ್ಸು ಹೇಳಿ." ಹೇಳಿದೆ. ಪಟ್ಟಿ ತೆಗೆದು ಬೆರಳಿಟ್ಟು ನೋಡಿದರು. "ಮೆರಿಟ್ಟಲ್ಲಿ ಬರಲ್ಲ, ಲಿಸ್ಟು ತುಂಬಿದೆ. ನಿಮಗೆ ಕೊಟ್ಟದ್ದು ಒಂದು, ಅದನ್ನ ನಿನ್ನೆ ತುಂಬಿಸಿದ್ದೀರಿ. ಒಂದನ್ನ ಎರಡು ಮಾಡೋದು ನನಗೆ ಗೊತ್ತಿಲ್ಲ ರುದ್ರಪ್ಪ."

ಸೈಕಲ್ ಹತ್ತಿದೆ. ಲಾಲ್‌ಬಾಗಿನ ಪಕ್ಕದ ಏರಿನಲ್ಲಿ ನನಗೆ ಎದೆ ಒಡೆದುಹೋಗುತ್ತದೆ ಅನ್ನಿಸಿತು. ಸ್ಯಾಮುಯೆಲ್ ಅವರ ಕೋಣೆಯಲ್ಲಿ ಕೂತು ಬಲೆಗೆ ಗಂಟು ಹಾಕುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಎಲ್ಲ ಹೇಳಿದೆ, ಒಂದನ್ನೂ ಮುಚ್ಚಿಡಲಿಲ್ಲ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಸೀಟು ಸೋಮವಾರವೇ ಹೋಯ್ತು ರುದ್ರಪ್ಪ," ಎಂದರು. "ಅಂತೋಣಿನ ನೀವು ಹೊಡ್ಕೊಂಡ್ರಿ ಅಂತ ಗೊತ್ತಾದಾಗ ನಂಗೆ ಬೇಜಾರಾಗಲಿಲ್ಲ ನೋಡಿ. ಈ ಹುಡುಗ ಸಿಗಲಿಲ್ಲವಲ್ಲ ಅಂತ ಆಯ್ತು." ಆಮೇಲೆ ಏನೋ ಹೊಳೆದವರಂತೆ, "ಸೌತ್ ಎಂಡ್ ಹತ್ರ ಆ ಹೊಸ ಕಾಲೇಜಿದೆಯಲ್ಲ, ಅವರ ಮೇಷ್ಟ್ರು ಬೆಳಿಗ್ಗೆ ಸಿಕ್ಕಿದ್ರು. ಒಂದು ಸೀಟು ಖಾಲಿ ಇದೆ, ಗೋಲ್‌ಕೀಪರ್ ಯಾರಾದ್ರೂ ಇದ್ದಾರಾ ಅಂತ ಕೇಳಿದ್ರು. ಹನ್ನೆರಡೂವರೆ ತನಕ ಮಾತ್ರ ಇಟ್ಕೊಂಡಿರ್ತೀನಿ ಅಂದ್ರು. ಈಗೆಷ್ಟು?"

ಆಗಲೇ ಹನ್ನೆರಡು ಐವತ್ತಾಗಿತ್ತು.

ಆದರೂ ಹೋದೆ. ಮೇಷ್ಟ್ರು ಕೈ ಆಡಿಸಿದರು. "ಈಗಷ್ಟೇ ಒಬ್ಬನ್ನ ಸೇರಿಸ್ಕೊಂಡೆ ಸಾರ್. ಹತ್ತು ನಿಮಿಷ ಮುಂಚೆ ಬಂದಿದ್ರೆ..." ಎಂದರು. ಆ ಕಾಲೇಜು ನಮ್ಮ ಗೇಟಿನಿಂದ ನಡೆದು ಹೋದರೆ ಕಾಲು ಗಂಟೆಯ ದಾರಿ. ಹನ್ನೊಂದು ಗಂಟೆಗೆ ನಾನು ನಿಜ ಹೇಳಿದ್ದರೆ, ತಂದೆ ಮಗ ಸುಮ್ಮನೆ ಅಲ್ಲಿಲ್ಲಿ ವಿಚಾರಿಸಿಕೊಂಡು ನಡೆದಿದ್ದರೂ ಹನ್ನೆರಡರ ಒಳಗೆ ಅಲ್ಲಿರುತ್ತಿದ್ದರು. ಹೊಸದಾಗಿ ಸೇರಿದವರು ಇದನ್ನು ಗಮನವಿಟ್ಟು ಓದಬೇಕು. ಕತ್ತಿಯ ಕೆಳಗೆ ಹೇಳಿದ ಸುಳ್ಳು ಆ ಹುಡುಗನನ್ನು ಅರ್ಧ ಮುಳುಗಿಸಿತ್ತು. ಪೂರ್ತಿ ಮುಳುಗಿಸಿದ್ದು "ಕೂತ್ಕೊಳ್ಳಿ, ಸಹಿ ಆಗಬೇಕು" ಎಂಬ ಮಾತು.

ಎರಡು ಗಂಟೆಗೆ ಕೋಣೆಗೆ ಬಂದರೆ ಹಲಸಿನ ವಾಸನೆ ಗಮ್ಮೆಂದು ತುಂಬಿತ್ತು. ಇಬ್ಬರೂ ನನ್ನ ಕೋಣೆಯ ಬೆಂಚಿನ ಮೇಲೆ ಹಾಗೇ ಕೂತಿದ್ದರು. ಪಿಳ್ಳಪ್ಪನವರು ಎದ್ದರು. "ಆಯ್ತಾ ಸ್ವಾಮಿ?"

"ಇನ್ನೂ ಇಲ್ಲ ಗೌಡ್ರೇ. ಆಗುತ್ತೆ."

ಹೌದು, ಮತ್ತೆ ಹೇಳಿದೆ. ಛೀ! ಅಷ್ಟು ಹೊತ್ತಿಗೆ ಸೀಟು ಎಲ್ಲೂ ಇಲ್ಲವೆಂದು ನನಗೆ ಗೊತ್ತಿತ್ತು. ಆದರೂ ಒಬ್ಬ ತಂದೆಯ ಮುಖದಲ್ಲಿ ಆ ಸಂತೋಷ ಆರುವುದನ್ನು ನೋಡುವ ಧೈರ್ಯ ಇರಲಿಲ್ಲ. ಮೈದಾನದಲ್ಲಿ ಗುಡುಗುವ ರುದ್ರಪ್ಪ ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಕೂತ.

ನಾಲ್ಕು ಗಂಟೆಗೆ ಹೊರಗೆ ಬಂದೆ. ಬೆಂಚು ಖಾಲಿ. ಜವಾನ ಹೇಳಿದ: "ಪ್ರಿನ್ಸಿಪಾಲರ ಮುಂದೆ ನಿಲ್ಲೋವಾಗ ಹುಡುಗ ನೀಟಾಗಿರ್ಲಿ ಅಂತ ಆ ಯಜಮಾನ್ರು ಮುನಿಯಪ್ಪನ ಅಂಗ್ಡಿಗೆ ಕರ್ಕೊಂಡ್ ಹೋದ್ರು ಸಾರ್."

ಹೋದೆ. ಅಂಗಡಿಯಲ್ಲಿ ಹಬ್ಬ. ಕೆಂಪರಾಜು ಕುರ್ಚಿಯ ಮೇಲೆ ಕೊರಳಿಗೆ ಬಿಳೀ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದ, ಒಂದು ಕಡೆಯ ಕೂದಲು ಕತ್ತರಿಸಿ ಆಗಿತ್ತು. ಸುಬ್ಬರಾಯರು ಪಿಳ್ಳಪ್ಪನವರಿಗೆ ಪಕ್ಕದ ಹೋಟೆಲಿನಿಂದ ಕಾಫಿ ತರಿಸಿ ಕೊಟ್ಟಿದ್ದರು. ಬೋರ್ಡಿನಲ್ಲಿ ಆ ಹೆಸರು, ಅಳಿಸದ ಹಾಗೆ ಮುನಿಯಪ್ಪ ಮತ್ತೆ ಮತ್ತೆ ತಿದ್ದಿ ದಪ್ಪ ಮಾಡಿದ್ದ.

"ಬನ್ನಿ ಸಾರ್, ಬನ್ನಿ! ಸಹಿ ಆಯ್ತಾ?" ಎಂದ ಮುನಿಯಪ್ಪ.

"ಹುಡುಗನ್ನ ಇಳಿಸು. ನಾನು ಕೂರ್ತೀನಿ," ಎಂದೆ.

ಕೆಂಪರಾಜು ಬಿಳೀ ಬಟ್ಟೆಯಲ್ಲೇ ಇಳಿದು ನಿಂತ. ನಾನು ಕೂತು ತಲೆ ಹಿಂದಕ್ಕೆ ಹಾಕಿದೆ.

"ಕತ್ತಿ ಇಡು."

"ಸೋಪೇ ಹಚ್ಚಿಲ್ವಲ್ಲ ಸಾರ್."

"ಇಡು ಅಂದೆ."

ಇಟ್ಟ. ತಣ್ಣಗಿತ್ತು. ಎದುರಿನ ಕನ್ನಡಿಯಲ್ಲಿ ಪಿಳ್ಳಪ್ಪನವರ ಮುಖ ಕಾಣುತ್ತಿತ್ತು. ಅವರ ಕಡೆ ತಿರುಗಿ ಹೇಳುವ ಶಕ್ತಿ ಇರಲಿಲ್ಲ, ಕನ್ನಡಿಗೇ ಹೇಳಿದೆ. ಅಂತೋಣಿಗಾಗಿ ಸುಳ್ಳು ಹೇಳಿದ್ದು, ಸೀಟು ನಿನ್ನೆಯೇ ತುಂಬಿದ್ದು, ಸ್ಯಾಮುಯೆಲ್ ಹತ್ತಿರ ಹೋದದ್ದು, ಸೌತ್ ಎಂಡಿನ ಸೀಟು ಕೈತಪ್ಪಿದ್ದು, ಎಲ್ಲವನ್ನೂ. ಮುನಿಯಪ್ಪನ ಕೈ ಅದುರಿತು, ಗಂಟಲ ಮೇಲೆ ಸಣ್ಣ ಗೀರು ಬಿತ್ತು. ಅವನು ಕತ್ತಿ ತೆಗೆದು ಮಡಿಸಿಟ್ಟ.

ಪಿಳ್ಳಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಒಂದೇ ಪ್ರಶ್ನೆ ಕೇಳಿದರು.

"ಹನ್ನೊಂದು ಗಂಟೆಗೇ ಗೊತ್ತಿತ್ತಾ ಸ್ವಾಮಿ ನಿಮ್ಗೆ?"

"ಗೊತ್ತಿತ್ತು."

"ಆವಾಗ್ಲೇ ಹೇಳ್ಬಾರ್ದಾಗಿತ್ತಾ?"

ಅವರು ಕೂಗಾಡಲಿಲ್ಲ. ಮುನಿಯಪ್ಪನಿಗೆ, "ಇನ್ನೊಂದು ಕಡೇನೂ ಕತ್ತರಿಸ್ಬಿಡಪ್ಪ. ಊರಿಗೆ ಹೋಗ್ಬೇಕು," ಎಂದರು. ಹುಡುಗ ಮತ್ತೆ ಕುರ್ಚಿ ಹತ್ತಿದ. ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ, ತನ್ನನ್ನೂ ನೋಡಿಕೊಳ್ಳಲಿಲ್ಲ. ಕೂದಲು ಕತ್ತರಿಸಿ ಮುಗಿದ ಮೇಲೆ ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಅಪ್ಪನ ಹಿಂದೆ ಬರಿಗಾಲಲ್ಲಿ ಸಾರಕ್ಕಿಯ ದಾರಿ ಹಿಡಿದ.

ಮುನಿಯಪ್ಪ ಒದ್ದೆ ಬಟ್ಟೆ ತಂದು ಬೋರ್ಡು ಒರೆಸಿದ. ನಾನೆಂದೆ, "ಮುಂದಿನ ವರ್ಷದ ಸೀಟು ಕೆಂಪರಾಜುದು. ಬರಿ ಮುನಿಯಪ್ಪ. ಬೇಕಾದ್ರೆ ಮತ್ತೆ ಕತ್ತಿ ಇಡು."

"ನೀವು ಹೇಳಿದ್ದು ಇನ್ಮೇಲೆ ನಾನು ಬರೆಯಲ್ಲ ಸಾರ್," ಎಂದ. ಸಿಟ್ಟಿನಿಂದ ಹೇಳಲಿಲ್ಲ, ಹವಾಮಾನ ಹೇಳುವವನ ಹಾಗೆ ಹೇಳಿದ.

ಇಷ್ಟೆಲ್ಲ ಮಾಡಿ ತಂದ ಅಂತೋಣಿ ಏನಾದ ಎಂದು ಕೇಳುತ್ತೀರಿ. ಸೆಪ್ಟೆಂಬರಿನಲ್ಲಿ ಒಂದು ಕಾರ್ಖಾನೆಯವರು ತಮ್ಮ ತಂಡಕ್ಕೆ ಬಾ, ಕೆಲಸವನ್ನೂ ಕೊಡುತ್ತೇವೆ ಎಂದರು, ಹೋದ. ಅವನ ತಪ್ಪಿಲ್ಲ, ಮನೆಯಲ್ಲಿ ಕಷ್ಟವಿತ್ತು. ಸೆಮಿಫೈನಲ್ಲಿನಲ್ಲಿ ನಾವು ಸೋತೆವು. ಅರ್ಧ ಮೈದಾನದಲ್ಲಿ ಕೆಮಿಸ್ಟ್ರಿ ಲ್ಯಾಬಿನ ಪಾಯ ತೋಡಿದರು. ಆ ಲ್ಯಾಬಿನ ವಾಸನೆಯನ್ನು ರಿಟೈರಾಗುವವರೆಗೂ ಕುಡಿದೆ.

ಪ್ರಿನ್ಸಿಪಾಲರ ಹತ್ತಿರ ಜಗಳವಾಡಿ ಮುಂದಿನ ವರ್ಷದ ಸೀಟನ್ನು ಜನವರಿಯಲ್ಲೇ ಬರೆಸಿಟ್ಟುಕೊಂಡೆ. ಸಾರಕ್ಕಿಗೂ ಎರಡು ಸಲ ಹೋದೆ. ಕೆಂಪರಾಜು ಆ ವರ್ಷವೆಲ್ಲ ಅಪ್ಪನ ಜೊತೆ ತೋಟದಲ್ಲಿದ್ದ. ಪಿಳ್ಳಪ್ಪನವರು ಮಜ್ಜಿಗೆ ಕೊಟ್ಟರು, ಮಳೆಯ ಮಾತಾಡಿದರು. ಸೀಟು ಇಟ್ಟಿದ್ದೇನೆ ಎಂದರೆ, "ಆಗ್ಲಿ ಸ್ವಾಮಿ, ನೋಡೋಣ," ಎಂದರು. ನಾನು ಅದನ್ನು ಒಪ್ಪಿಗೆ ಎಂದುಕೊಂಡು ಬಂದೆ.

ಮೇ ತಿಂಗಳಲ್ಲಿ ಮುನಿಯಪ್ಪನ ಬೋರ್ಡಿನಲ್ಲಿ ಬಿತ್ತು: "ಕೆಂಪರಾಜು, ಸಾರಕ್ಕಿ. ಕಲ್ಲುಕಟ್ಟಡಕ್ಕೆ."

ನಾನು ನಂಬಲಿಲ್ಲ. ಇದು ಸ್ಯಾಮುಯೆಲ್ ಆಟ, ನಾನು ಹಾಕಿದ ಟೋಪಿಯನ್ನು ನನಗೇ ವಾಪಸ್ಸು ಹಾಕುತ್ತಿದ್ದಾರೆ ಎಂದುಕೊಂಡೆ. ಇಡೀ ಜಯನಗರ ನಂಬುವ ಬೋರ್ಡನ್ನು ನಂಬಲಾರದವನು ನಾನೊಬ್ಬನೇ ಆಗಿದ್ದೆ, ಅದನ್ನು ಕೆಡಿಸಿದವನು ನಾನಲ್ಲವೇ! ಮುನಿಯಪ್ಪನನ್ನು ಕೇಳೋಣವೆಂದರೆ ಅವನು ನನ್ನ ಗಡ್ಡ ಹೆರೆಯುತ್ತಿದ್ದನೇ ಹೊರತು ಏನನ್ನೂ ಕೇಳುತ್ತಿರಲಿಲ್ಲ, ಏನನ್ನೂ ಹೇಳುತ್ತಿರಲಿಲ್ಲ. ಸೀಟು ಹಾಗೇ ಇಟ್ಟುಕೊಂಡೆ. ಯಡಿಯೂರಿನ ಒಬ್ಬ ಹುಡುಗ, ಹಾಫ್‌ಬ್ಯಾಕ್, ಮೂರು ಸಲ ಬಂದು ಕೇಳಿದ. ಇಲ್ಲಪ್ಪ, ತುಂಬಿದೆ ಎಂದು ಮೂರು ಸಲವೂ ಕಳಿಸಿದೆ.

ಆಮೇಲಿನ ವರ್ಷಗಳಲ್ಲಿ ನಾನು ಈ ಪದ್ಧತಿಯನ್ನೇ ಬಿಟ್ಟೆ. ಬೇಸಿಗೆಯಲ್ಲಿ ಒಂದು ದಿನ ಗೊತ್ತುಮಾಡಿ, ಬಂದ ಹುಡುಗರನ್ನೆಲ್ಲ ಉಳಿದ ಅರ್ಧ ಮೈದಾನದಲ್ಲಿ ಜನರೆದುರೇ ಆಡಿಸಿ, ಸಂಜೆಯೇ ಹೆಸರನ್ನು ಕಾಲೇಜಿನ ನೋಟೀಸ್ ಬೋರ್ಡಿಗೆ ಹಾಕುತ್ತಿದ್ದೆ. ಆಗದವರಿಗೆ ಅಲ್ಲೇ, ಮುಖ ನೋಡಿ, ಇಲ್ಲ ಎನ್ನುತ್ತಿದ್ದೆ. ಟ್ರಯಲ್ಸ್ ಎಂದು ನೀವು ಈಗ ಮಾಡುವುದನ್ನು ನಮ್ಮ ಕಡೆ ನಾನು ಶುರುಮಾಡಿದ್ದು ಬುದ್ಧಿವಂತಿಕೆಯಿಂದ ಅಲ್ಲ. ಅದಕ್ಕೆ ಕಾರಣ, ಕೆಂಪರಾಜುವಿಗೆಂದು ಸೀಟು ಇಟ್ಟುಕೊಂಡಿದ್ದ ಆ ವರ್ಷದ ಜೂನ್‌ನಲ್ಲಿ ಅಡ್ಮಿಷನ್ನಿನ ಕೊನೆಯ ದಿನ.

ಅವತ್ತು ಎಂಟು ಗಂಟೆಗೇ ಕೋಣೆಗೆ ಬಂದು ಕೂತೆ. ಅರ್ಜಿ ತುಂಬಿಸಿಟ್ಟಿದ್ದೆ, ಪ್ರಿನ್ಸಿಪಾಲರ ಸಹಿಯನ್ನೂ ಮೊದಲೇ ಹಾಕಿಸಿದ್ದೆ. ಒಂಬತ್ತಾಯಿತು, ಹತ್ತಾಯಿತು. ಗೇಟಿನಲ್ಲಿ ಯಾರು ಬಂದರೂ ಎದ್ದು ನಿಲ್ಲುವುದು, ಕೂರುವುದು. ಐದರವರೆಗೂ ಹೀಗೆಯೇ ಕಾಯುತ್ತೇನೆ, ಕಾಯಬೇಕಾದದ್ದೇ ಎಂದುಕೊಂಡೆ.

ಕೆಂಪರಾಜು ಒಬ್ಬನೇ ಬಂದ. ಬೆವರಿದ್ದ, ನಡೆದೇ ಬಂದಿದ್ದ. ನಾನು ಅರ್ಜಿ ಎತ್ತಿ ಅವನ ಮುಂದೆ ಹಿಡಿದೆ. ಅವನು ಕೈ ಮುಂದೆ ಮಾಡಲಿಲ್ಲ.

"ಸಾರ್, ನಾನು ಸ್ಯಾಮುಯೆಲ್ ಸಾರ್ ಹತ್ರ ಸೇರಿ ನಾಲ್ಕು ದಿನ ಆಯ್ತು. ಬೋರ್ಡಲ್ಲಿತ್ತಲ್ಲ, ನೋಡಿರ್ತೀರ ಅಂದ್ಕೊಂಡಿದ್ದೆ. ನಿನ್ನೆ ಸುಬ್ಬರಾಯರು ನಮ್ಮಪ್ಪಂಗೆ ಸಿಕ್ಕಿದ್ರಂತೆ. ನೀವಿನ್ನೂ ಸೀಟು ಇಟ್ಕೊಂಡು ಕಾಯ್ತಿದೀರಿ ಅಂದ್ರಂತೆ."

ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಅವನು ಮುಂದುವರಿಸಿದ, ನಿಧಾನವಾಗಿ, ಮನೆಯಲ್ಲಿ ಹೇಳಿಕೊಟ್ಟದ್ದನ್ನು ಮರೆಯದ ಹಾಗೆ.

"ಸಾಯಂಕಾಲದ ತನಕ ಅವ್ರನ್ನ ಕಾಯಿಸ್ಬೇಡ, ಹನ್ನೊಂದು ಗಂಟೆ ಒಳಗೇ ಹೋಗಿ ಹೇಳ್ಬಿಡು ಅಂದ್ರು ಅಪ್ಪ. ಆ ಸೀಟು ಇನ್ನೊಬ್ಬ ಹುಡುಗಂಗಾದ್ರೂ ಆಗುತ್ತಲ್ಲ ಸಾರ್."

ನಮಸ್ಕಾರ ಹೇಳಿ ಹೋದ. ಗಡಿಯಾರ ನೋಡಿದೆ. ಹನ್ನೊಂದಕ್ಕೆ ಐದು ನಿಮಿಷ ಇತ್ತು. ಅರ್ಜಿಯ ಮೇಲಿನ ಹೆಸರು ಹೊಡೆದುಹಾಕಿ, ಸೈಕಲ್ ತೆಗೆದುಕೊಂಡು ಯಡಿಯೂರಿನ ಆ ಹುಡುಗನ ಮನೆಗೆ ಹೊರಟೆ.